ಮೂರು ತಪ್ಪಿನೆತ್ತರ

ಸುಕ್ತಿ ಇಳಿದು ಮಾಜಾಳಿಯ ಮರಳು ಗಟ್ಟಿಯಾಗಿದೆ,
ಸೈಕಲ್ಲಿನ ಚಕ್ರವೂ ಗುರುತು ಬಿಡದಷ್ಟು.
ಐಸ್ ಕಾರ್ಖಾನೆಯ ಬೆಳಗಿನ ಪಾಳಿ ಮುಗಿಸಿ ಬಂದಿದ್ದೇನೆ,
ಬೆರಳಿಗೆ ಇನ್ನೂ ಅಮೋನಿಯಾದ ವಾಸನೆ.
ರೆಕ್ಕೆಗೆ ಮೀನಿನ ಪೆಟ್ಟಿಗೆಯ ಥರ್ಮಾಕೋಲು,
ಬಾಲಕ್ಕೆ ಕೊಡೆಯ ಕಡ್ಡಿ,
ಹೊಟ್ಟೆಗೆ ಸುತ್ತಿದ ಕಂದು ಟೇಪು.
ಈ ವಿಮಾನಕ್ಕಿದು ನಾಲ್ಕನೆಯ ಜನ್ಮ.

ಕಾಯ್ತಾನ್ ಬಾಬ್ ಮುರುಕು ದೋಣಿಯ ಅಂಚಿಗೆ ಕೂತಿದ್ದಾರೆ.
"ಮೊದಲು ಎತ್ತರಕ್ಕೆ ಹೋಗು."
ಎಷ್ಟು ಎತ್ತರ?
"ಮೂರು ತಪ್ಪು ಮಾಡಿಯೂ ನೆಲ ಸಿಗದಷ್ಟು."
ಮೂವತ್ತು ವರ್ಷ ಟ್ರಾಲರ್ ಇಂಜಿನ್ನುಗಳ ಕೆಮ್ಮು ಕೇಳಿದ ಕಿವಿ ಅವರದು.
ಕಣ್ಣಿಗೆ ಮಾತ್ರ ಈಗ ಲೋಕವೆಲ್ಲ
ಐಸಿನ ಹಲಗೆಯೊಳಗೆ ಸಿಕ್ಕ ಮೀನು.
ಮುನ್ನೂರು ಅಡಿಯಾಚೆ ವಿಮಾನವೂ ಇಲ್ಲ, ಗರುಡನೂ ಇಲ್ಲ.
ಸದ್ದಿದೆ.

ದೂರ ಹೋಗುವಾಗ ಅದು ನನ್ನ ಮಾತು ಕೇಳುತ್ತದೆ.
ತಿರುಗಿ ಎದುರು ಬಂತೋ
ಎಡವೆಲ್ಲ ಬಲ, ಬಲವೆಲ್ಲ ಎಡ.
ಮೊದಲನೆಯದು ಹಾಗೇ ಗಾಳಿಮರದ ತೋಪಿನ ಪಾಲಾಯಿತು.
"ಲೆಕ್ಕ ಹಾಕಬೇಡ" ಅಂದಿದ್ದರು,
"ಯಾವ ರೆಕ್ಕೆ ಕುಸಿಯಿತೋ ಅದರಡಿಗೆ ಕಡ್ಡಿ ಕೊಡು,
ವಾಲಿದ ಚಪ್ಪರಕ್ಕೆ ಗೂಟ ಕೊಟ್ಟ ಹಾಗೆ."
ಆಮೇಲೆ ವಾರಗಟ್ಟಲೆ
ಏನು ಕುಸಿದರೂ ನನ್ನ ಹೆಬ್ಬೆರಳು ತಾನೇ ಅಲುಗುತ್ತಿತ್ತು:
ಕಾರವಾರದ ಬಸ್ಸಿನಲ್ಲಿ ತೂಕಡಿಸುವವನ ತಲೆ,
ಬೈತಖೋಲದ ಧಕ್ಕೆಯಲ್ಲಿ ತಕ್ಕಡಿಯ ತಟ್ಟೆ.

ಲೂಪ್ ಸುಲಭವೆಂದುಕೊಂಡಿದ್ದೆ, ಎಳೆದು ಹಿಡಿದರೆ ಆಯಿತೆಂದು.
ನನ್ನವೆಲ್ಲ ಮೊಟ್ಟೆಯಾಗುತ್ತಿದ್ದವು, ಒಂದು ಹಾಗಲಕಾಯಿ.
ನೆತ್ತಿ ತಲುಪಿದಾಗ ಬೆರಳು ಸಡಿಲಿಸಬೇಕಂತೆ,
ಇಳಿವಾಗ ಮೋಟರಿನ ಬಾಯಿ ಮುಚ್ಚಬೇಕಂತೆ.
"ದುಂಡಗಾಯಿತಾ?"
"ಬಳೆಯ ಹಾಗೆ" ಅಂದೆ.
"ಸುಳ್ಳು. ಇಳಿವಾಗ ಕಿರುಚಿತಲ್ಲ."
ಕಿವಿ ಬಿಸಿಯಾಯಿತು ನನಗೆ. ಅವರು ಬೀಡಿ ಹಚ್ಚಿಕೊಂಡರು.

ಇವತ್ತು ಅಂಗಾತ.
ಅರ್ಧ ಉರುಳಿಸಿ, ಅಲ್ಲೇ ನಿಲ್ಲಿಸಬೇಕು.
ಎರಡು ತಪ್ಪು ಆಗಲೇ ಖರ್ಚಾಗಿವೆ.
ಎರಡು ಸಲವೂ ಹೆದರಿ ಕಡ್ಡಿಯನ್ನು ಎದೆಯತ್ತ ಎಳೆದೆ,
ಮಗುಚಿದ್ದನ್ನು ಎಳೆದರೆ ಅದು ನೆಲಕ್ಕೇ ಧುಮುಕುವುದು.
ಹೆದರಿದಾಗ ಎಳೆದುಕೊಳ್ಳುವುದು,
ಅಷ್ಟೇ ಗೊತ್ತಿದ್ದದ್ದು ನನಗೆ.
"ತಳ್ಳು ಮಗಳೇ. ದೂರ ತಳ್ಳು."

ತಳ್ಳಿದೆ.
ಮೂಗು ಎದ್ದಿತು.
ಕೂರ್ಮಗಡದ ನೇರಕ್ಕೆ ಟೇಪಿನ ಹೊಟ್ಟೆ ಬಿಸಿಲಿಗೆ ಮಿಂಚಿತು.
ಬಳಚು ಹೆಕ್ಕುವ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡಿದರು.
ಏಳು ಎಣಿಸುವವರೆಗೆ, ಇಲ್ಲ, ಎಂಟು,
ಮೀನಿನ ಪೆಟ್ಟಿಗೆಯೊಂದು ಬೆನ್ನ ಮೇಲೆ ಮಲಗಿ
ಕಡಲ ಮೇಲೆ ಹಾಯಿತು.
ನಾನು ಏನೂ ಹೇಳಲಿಲ್ಲ.
ಕಾಯ್ತಾನ್ ಬಾಬ್ ಬೀಡಿ ಬಾಯಿಂದ ತೆಗೆದು ಆಲಿಸುತ್ತಿದ್ದರು,
ಏರದ, ಇಳಿಯದ, ಒಂದೇ ಗೆರೆಯ ಸದ್ದು.
"ಹಾಂ" ಅಂದರು, "ಹಾಂ, ಹಾಂ",
ಕೆಟ್ಟ ಇಂಜಿನ್ನು ಮೊದಲ ಏಟಿಗೇ ಹೊತ್ತಿಕೊಂಡಾಗ ಅನ್ನುವ ಹಾಗೆ.

ಅವರ ಮುಖ ನೋಡಲು ತಿರುಗಿದೆನಲ್ಲ,
ಅದು ಮೂರನೆಯದು.

ಬುಧವಂತಿಬಾಯಿ ಮೊಣಕಾಲುದ್ದ ನೀರಿನಿಂದ
ಎಡರೆಕ್ಕೆಯನ್ನು ಬಳಚಿನ ಬುಟ್ಟಿಯ ಮೇಲಿಟ್ಟು ತಂದಳು.
"ನಿಮ್ಮದೇನ್ರೋ? ಬೀಳುವ ಮುಂಚೆ ಚಂದ ಇತ್ತು."
ಬಲರೆಕ್ಕೆ ಇನ್ನೂ ಅಲ್ಲೆಲ್ಲೋ ತೇಲುತ್ತಿದೆ, ಭರತಿ ಬರುವ ಹೊತ್ತು.
ಕಾಯ್ತಾನ್ ಬಾಬ್ ಮುರಿದ ಅಂಚನ್ನು ಹೆಬ್ಬೆರಳಲ್ಲಿ ಸವರಿ,
ಉಪ್ಪುನೀರು ಒರೆಸಿ,
ಮೆಲ್ಲಗೆ ಕೇಳುತ್ತಾರೆ:
"ಪೆಟ್ಟಿಗೆ ಇನ್ನೂ ಇವೆಯಲ್ಲ, ನಿಮ್ಮ ಕಾರ್ಖಾನೆಯಲ್ಲಿ?"