ಉಪ್ಪಿನ ಬಾಬ್ತು

ದುವಾರ್ನೆನೆಯ ಮೀನಿನ ಡಬ್ಬಿ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಲೆಕ್ಕ ಬರೆದವಳು ನಾನು, ಸೊವಾಜಿಗ್.
ಒಂದು ಸಾರ್ಡೀನೂ ನನ್ನ ಕಣ್ಣು ತಪ್ಪಿಸಿ
ಡಬ್ಬಿಯೊಳಗೆ ಮಲಗಿದ್ದಿಲ್ಲ.

ಗಂಡ ಗುಲ್ವೆನ್, ಬೀಗ ರಿಪೇರಿಯವನು.
ಅಂಗಡಿ ಮುಚ್ಚಿದ ಮಾರನೆಯ ದಿನವೇ
ಮೊಣಕಾಲುದ್ದದ ಬೂಟು ತಂದ.
"ಇನ್ನು ಊಟ ಸಮುದ್ರ ಹಾಕುತ್ತೆ" ಅಂದ,
ಅದೇನು ಅವನ ಮಾವನ ಮನೆಯೋ ಅನ್ನುವ ಹಾಗೆ.

ಹುಣ್ಣಿಮೆಯೋ ಅಮಾವಾಸ್ಯೆಯೋ ಕಳೆದು ಎರಡನೇ ದಿನ
ನೀರು ದೂರ ಓಡಿಹೋಗುತ್ತದೆ
ಸಾಲ ಕೊಟ್ಟವರನ್ನು ಕಂಡವನಂತೆ.
ಬಿಟ್ಟುಹೋದ ಮರಳಿನಲ್ಲಿ ಬೀಗದ ಕಣ್ಣಿನಂಥ ತೂತು,
ಒಳಗೆ ನೆಟ್ಟಗೆ ನಿಂತ ಕತ್ತಿಚಿಪ್ಪು.
ಗುಲ್ವೆನ್ ಬಗ್ಗುತ್ತಾನೆ, ಚಿಟಿಕೆ ಉಪ್ಪು ಹಾಕಿ ಕಾಯುತ್ತಾನೆ.
ಸಮುದ್ರ ಮರಳಿ ಬಂತೆಂದುಕೊಂಡು
ಅದು ತಲೆ ಎತ್ತುತ್ತದಂತೆ. ಅವನ ಮಾತು.
ಕಣ್ಣಿಗೆ ಉಪ್ಪು ಬಿದ್ದರೆ
ಯಾರು ತಾನೆ ಎದ್ದು ಬರುವುದಿಲ್ಲ? ನನ್ನ ಮಾತು.

ಅಡುಗೆಮನೆಯ ಡ್ರಾಯರಿನಲ್ಲಿ, ಮೇಣದಬತ್ತಿಗಳ ಕೆಳಗೆ
ನನ್ನದೊಂದು ನೀಲಿ ಪುಸ್ತಕವಿದೆ.
ಮೊದಲ ಪುಟದ ನೆತ್ತಿಯಲ್ಲಿ: ಹವ್ಯಾಸ, ಗುಲ್ವೆನನದು.
ಪೆಟ್ರೋಲು, ಹೋಗಿ ಬರಲು ನಲವತ್ತು ಕಿಲೋಮೀಟರು.
ಬೂಟು. ಬೂಟಿಗೆ ತೇಪೆ.
ಒರಟು ಉಪ್ಪು, ಎರಡು ಕಿಲೋ.
ಕೊಯ್ದ ಬೆರಳಿಗೆ ಪಟ್ಟಿ.
ಥರ್ಮಾಸಿನಲ್ಲಿ ಕಾಫಿ, ಕಾಫಿಯಲ್ಲದ್ದೂ ಒಂದಿಷ್ಟು.
ಭಾಗಿಸಿದರೆ ಚಿಪ್ಪೊಂದಕ್ಕೆ
ಎರಡು ಯೂರೋ ಹನ್ನೊಂದು ಸೆಂಟು.
ಮೀನುಪೇಟೆಯ ರೋಝೆನ್ ಅದನ್ನೇ ಮರಳು ತೊಳೆದು
ಕಟ್ಟು ಕಟ್ಟಿ, ಮೇಲೊಂದು ನಗು ಸೇರಿಸಿ
ಮೂವತ್ತು ಸೆಂಟಿಗೆ ಕೊಡುತ್ತಾಳೆ.

ಪುಸ್ತಕ ಅವನಿಗೆ ತೋರಿಸಿಲ್ಲ.
ಬಾಣಲೆಯಲ್ಲಿ ಬೆಣ್ಣೆ ಚಟಪಟ ಅನ್ನುವಾಗ
"ಬಿಟ್ಟಿ ಊಟ!" ಎಂದು ಕೈ ಉಜ್ಜಿಕೊಳ್ಳುತ್ತಾನೆ.
ನಾನು ಬೆಳ್ಳುಳ್ಳಿ ಜಜ್ಜುತ್ತೇನೆ,
ಬೇಕಾದ್ದಕ್ಕಿಂತ ಜೋರಾಗಿ.

ಈ ಮಾರ್ಚಿನಲ್ಲಿ ವರ್ಷದ ಅತಿ ದೊಡ್ಡ ಇಳಿತ.
ಅವನ ಮಂಡಿ ಕೊಯ್ದು ಹೊಲಿದು ಐದು ವಾರ.
ಕಿಟಕಿಯ ಬಳಿ ಕೂತು ಭರತ-ಇಳಿತದ ಪಟ್ಟಿಯನ್ನು
ಯಾರೋ ಬರೆದ ಕಾಗದದ ಹಾಗೆ ಮತ್ತೆ ಮತ್ತೆ ಓದುತ್ತಿದ್ದ.
ನೋಡಲಾರದೆ "ನಡಿ" ಅಂದೆ.

ಕಲ್ಲುಗೋಡೆಯ ಮೇಲೆ ಅವನನ್ನು ಕೂರಿಸಿ
ಅವನದೇ ಬೂಟಿಗೆ ಮೂರು ಜೊತೆ ಉಣ್ಣೆಚೀಲ ತುರುಕಿ ಇಳಿದೆ.
ಗಾಳಿಯಲ್ಲಿ ಅವನ ಕೂಗು ಅರ್ಧರ್ಧ ಬರುತ್ತಿತ್ತು:
"ಎಡಕ್ಕೆ... ಅಲ್ಲ, ನಿನ್ನ... ನೆರಳು ಬೀಳ..."
ಒಂದು ತೂತು. ಉಪ್ಪು. ಏನಿಲ್ಲ.
ಇನ್ನೊಂದು. ಏನಿಲ್ಲ.
ಸೊಂಟ ಹಿಡಿಯಿತು. ಮನಸ್ಸಿನಲ್ಲಿ ಪೆಟ್ರೋಲು ಓಡುತ್ತಿತ್ತು.
ಆಮೇಲೆ ಮರಳು ಗುಳುಗುಳು ಅಂದು
ಕಂದು ತುದಿಯೊಂದು ಎರಡು ಬೆರಳಷ್ಟು ಮೇಲೆ ಬಂತು,
ಬಾಗಿಲು ತಟ್ಟಿದವರು ಯಾರೆಂದು ಇಣುಕುವ ಮುದುಕಿಯ ಹಾಗೆ.
ಹಿಡಿದೆ.

ಅದು ಒಳಕ್ಕೆ ಎಳೆಯಿತು.

ಇದನ್ನು ಅವನು ಹೇಳಿರಲಿಲ್ಲ.
ಅಥವಾ ಹೇಳಿದ್ದ, ನಾನು ಕೂಡುತ್ತ ಕೂತಿದ್ದೆ.
ಕದದ ಆ ಬದಿಯಿಂದ ಯಾರೋ ಹಿಡಿಕೆ ಹಿಡಿದಂತೆ
ಒಂದು ಪುಟ್ಟ ಬಲ, ಬಿಡುವುದಿಲ್ಲ ಅನ್ನುತ್ತ.
ಜಗ್ಗಿದರೆ ಹರಿಯುತ್ತದೆ, ಬಿಟ್ಟರೆ ಹೋಗುತ್ತದೆ.
ಅದರ ಪಟ್ಟು ಸಡಿಲುವ ತನಕ ಸುಮ್ಮನೆ ಹಿಡಿದುಕೊಂಡಿದ್ದೆ.
ಮೂವತ್ತೊಂದು ವರ್ಷ ಎಣಿಸಿದ ಡಬ್ಬಿಗಳಲ್ಲಿ
ಒಂದೂ ನನ್ನನ್ನು ತಿರುಗಿ ಎಳೆದಿರಲಿಲ್ಲ.

ಹದಿನೇಳು ಸಿಕ್ಕವು. ಅಳತೆಪಟ್ಟಿಗೆ ಗಿಡ್ಡವಾದ ಎರಡನ್ನು
ಮತ್ತೆ ತೂತಿಗೇ ಇಟ್ಟು ಕ್ಷಮೆ ಕೇಳಿದೆ,
ಫ್ರೆಂಚಿನಲ್ಲಲ್ಲ, ಅಜ್ಜಿಯ ಬ್ರೆಟನ್ನಿನಲ್ಲಿ.
ಗೋಡೆಯ ಮೇಲೆ ಗುಲ್ವೆನ್ ಎರಡೂ ಕೈ ಬೀಸುತ್ತಿದ್ದ.
ಶಾಭಾಸ್ ಅನ್ನುತ್ತಾನೆ ಅಂದುಕೊಂಡೆ.
ನೀರು ತಿರುಗಿತು, ಓಡು, ಅನ್ನುತ್ತಿದ್ದನಂತೆ.

ರಾತ್ರಿ ಹಲ್ಲಿಗೆ ಮರಳು ಸಿಕ್ಕಿತು. ತೊಳೆದವಳು ನಾನೇ.
ಅವನು ಏನೂ ಅನ್ನದೆ
ತಟ್ಟೆಯ ಬೆಣ್ಣೆಯನ್ನು ಬ್ರೆಡ್ಡಿನಿಂದ ಬಳಿದು ತಿಂದ.
ಮಲಗಿದ ಮೇಲೆ ನೀಲಿ ಪುಸ್ತಕ ತೆಗೆದೆ.
ಉಪ್ಪು, ಅರ್ಧ ಕಿಲೋ, ಎಂದು ಬರೆದೆ.
ಪೆಟ್ರೋಲು ಬರೆಯಲಿಲ್ಲ.