ಎರವಲು

ನಾರ್ಲೀನ್ ತೀರಿಕೊಂಡ ಸುದ್ದಿ ಮಂಗಳವಾರ.
ಊಟಕ್ಕೆ ಆಲೂಗಡ್ಡೆ ಯಾರು ತರುತ್ತೀರಿ
ಎಂಬ ಚರ್ಚಿನ ಫೋನು ಬುಧವಾರ.
ಆರ್ಡಿತ್ 'ನಾನು' ಅಂದಳು.
ಆ ಕಡೆ ಒಂದು ಉಸಿರಿನಷ್ಟು ಮೌನ.
ಇಬ್ಬರೂ ಹನ್ನೊಂದು ವರ್ಷ ಮಾತು ಬಿಟ್ಟದ್ದು
ಐಡಾಹೊದ ಆ ಪುಟ್ಟ ಊರಲ್ಲಿ
ನೀರಿನ ಟ್ಯಾಂಕಿಗೂ ಗೊತ್ತು.

ನೆಲಮಾಳಿಗೆಯಿಂದ ಮೇಲೆ ಬಂತು ಸ್ಲೋ ಕುಕ್ಕರು.
ಹೊಟ್ಟೆಯ ಮೇಲೆ ಮಾಸಿದ ಕಿತ್ತಳೆ ಹೂ,
ಮುಚ್ಚಳದ ಗುಬುಟು ಎಂದೋ ಮುರಿದು
ಅಲ್ಲಿ ಮೇಜಿನ ಡ್ರಾಯರಿನದೊಂದು ಹಿಡಿ.
ಬುಡದಲ್ಲಿ ಹಳದಿಗಟ್ಟಿದ ಟೇಪು, ದಪ್ಪಕ್ಷರ:
ನಾರ್ಲೀನ್ ಟಿ.
ಮಗಳ ಮದುವೆಗೆಂದು ತಂದದ್ದು,
ನಾಳೆ ಕೊಡುತ್ತೇನೆ ಎಂದದ್ದು.

ನಾಳೆಗಿಂತ ಮೊದಲು ಕಾಲುವೆಯ ಜಗಳ ಬಂತು.
ಯಾರ ಸರದಿಯ ನೀರು, ರಾತ್ರಿ ಗೇಟು ಎತ್ತಿದ್ದು ಯಾರು.
ಗಂಡಂದಿರ ಜಗಳ ಅದು.
ಅವರು ಸುಗ್ಗಿ ಮುಗಿಯುವಷ್ಟರಲ್ಲಿ ರಾಜಿಯಾಗಿ
ಒಂದೇ ದೋಣಿಯಲ್ಲಿ ಮೀನು ಹಿಡಿಯಹೋದರು.
ಹೆಂಗಸರು ಹಿಡಿದದ್ದನ್ನು ಬಿಡಲಿಲ್ಲ.

ಐದು ಪೌಂಡು ಆಲೂಗಡ್ಡೆ,
ಸಿಪ್ಪೆಸಹಿತ ಬೇಯಿಸಿ, ರಾತ್ರಿಯೆಲ್ಲ ಆರಿಸಿ,
ದೊಡ್ಡ ಕಣ್ಣಿನ ತುರಿಮಣೆಗೆ.
ತುರಿದು ಹೆಪ್ಪುಗಟ್ಟಿಸಿದ್ದು ಅಂಗಡಿಯಲ್ಲೇ ಉಂಟು,
ಎಲ್ಲರೂ ಅದನ್ನೇ ತರುವುದು, ಅವಳೂ ಅಷ್ಟೇ.
ಇವತ್ತು ಬೇಡ ಅನ್ನಿಸಿತು.
ಬೆರಳಿನ ಗಿಣ್ಣು ಒಂಚೂರು ತರಚಿತು.
ಒಂದು ಡಬ್ಬಿ ಕೋಳಿ ಸೂಪು, ಎರಡು ಬಟ್ಟಲು ಹುಳಿಕೆನೆ,
ಸಣ್ಣಗೆ ಹೆಚ್ಚಿದ ಈರುಳ್ಳಿ, ಬೆಣ್ಣೆ.
ಚೀಸು ಚೀಟಿಯಲ್ಲಿ ಎರಡು ಹಿಡಿ,
ಕೈಯಲ್ಲಿ ನಾಲ್ಕು.
ಉಪ್ಪಿಗೆ ಬಂದಾಗ ಚಮಚ ತಡೆಯಿತು.
ನಾರ್ಲೀನಳದು ಯಾವಾಗಲೂ ಸಪ್ಪೆ ಕೈ.
ಎಷ್ಟು ಜನರ ಮುಂದೆ ಆಡಿಕೊಂಡು ನಕ್ಕಿದ್ದಳು!
ಅರ್ಧ ಚಮಚ ವಾಪಸು ಡಬ್ಬಿಗೆ ಸುರಿದಳು.

ಇದು ಕೂಗುವ ಕುಕ್ಕರಲ್ಲ,
ಮೂರು ಸೀಟಿ ಎಣಿಸಿ ಇಳಿಸಿಬಿಡಲು.
ಉರಿಯಿಲ್ಲ, ಕುದಿಯಿಲ್ಲ,
ಬೂದಿ ಮುಚ್ಚಿದ ಕೆಂಡವೂ ಇಲ್ಲ.
ಬರೀ ಕಾವು.
ಮುಚ್ಚಳ ಎತ್ತಿ ಇಣುಕಿದೆಯೋ
ಅರ್ಧ ಗಂಟೆ ಹಿಂದಕ್ಕೆ.
ಪಾತ್ರೆ ಕಾಯುತ್ತಿತ್ತು, ಅವಳೂ ಕಾಯುತ್ತಿದ್ದಳು.
ಇಬ್ಬರಿಗೂ ಒಂದೇ ಕ್ರಿಯಾಪದ ಸಾಕಾಯಿತು.

ಕಿಟಕಿಯಾಚೆ ಮಾರ್ಚಿನ ಹಿಮ ತೇಪೆ ತೇಪೆಯಾಗಿ
ಹೊಲದ ಕಪ್ಪು ಸಾಲುಗಳು ಹೊರಬಿದ್ದಿದ್ದವು.
ಆಡಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿದಳು,
ತಪ್ಪಿದಲ್ಲಿ ತಿದ್ದಿದಳು,
ಯಾರಿಗೆ ಎಂಬುದು ನೆನಪಾಗಿ
ಎದ್ದು ಸಿಂಕು ಉಜ್ಜಿದಳು.

ಕುಕ್ಕರನ್ನು ಮುಂದಿನ ಸೀಟಿನಲ್ಲಿ ಕೂರಿಸಿ
ಬೆಲ್ಟು ಬಿಗಿದು ಕಾರು ನಡೆಸಿದಳು,
ಹಳ್ಳ ಬಂದಲ್ಲೆಲ್ಲ ಕೈ ಅಡ್ಡ ಹಿಡಿದು,
ಮಕ್ಕಳಿಗೆ ಹಿಡಿಯುತ್ತಾರಲ್ಲ, ಹಾಗೆ.

ಚರ್ಚಿನ ಅಡುಗೆಮನೆಯಲ್ಲಿ ಆಗಲೇ ಆರು ಕುಕ್ಕರುಗಳು,
ಆರರಲ್ಲಿ ನಾಲ್ಕು ಇದೇ ಆಲೂಗಡ್ಡೆ.
ಏಳನೆಯದನ್ನು ಚುಚ್ಚಿದ್ದೇ ತಡ
ಫ್ಯೂಸು ಹಾರಿ ಸಭಾಂಗಣ ಕತ್ತಲಾಯಿತು.
ಪಾದ್ರಿಯ ಪ್ರಾರ್ಥನೆ ನಡುವೆ ನಿಂತಿತು.
ಯಾರೋ ನಕ್ಕರು. ಎಲ್ಲರೂ ನಕ್ಕರು.
ಶವಪೆಟ್ಟಿಗೆಯ ಬಳಿ ಕೂತ ಮೊಮ್ಮಗುವೂ.

ಕೊನೆಗೆ ಹಾಕಬೇಕು ಕಾರ್ನ್‌ಫ್ಲೇಕ್ಸು;
ಮೊದಲೇ ಹಾಕಿದರೆ ಹಬೆಗೆ ಮೆತ್ತಗಾಗುತ್ತದೆ.
ಅಂಗೈಯಲ್ಲಿ ಪುಡಿಮಾಡಿ ಉದುರಿಸುವ ಹೊತ್ತಿಗೆ
ಡೆಲ್ವಿನ್ ತಟ್ಟೆ ಹಿಡಿದು ನಿಂತಿದ್ದ,
ನಾರ್ಲೀನಳ ಗಂಡ, ಟೈ ಒಂದು ಕಡೆಗೆ ಜಾರಿ.
ನಿಂತಲ್ಲೇ ಒಂದು ತುತ್ತು ತಿಂದ.
'ಉಪ್ಪು ಕಡಿಮೆ' ಅಂದ.
ಅಂದು, ಮತ್ತೆ ತಟ್ಟೆ ಚಾಚಿದ.

ಎಲ್ಲ ಮುಗಿದ ಮೇಲೆ ಪಾತ್ರೆ ಓರೆಮಾಡಿ
ಬುಡದ ಟೇಪು ತೋರಿಸಿದಳು. 'ನಿಮ್ಮದು.'
ಅವನು ಕನ್ನಡಕ ಹುಡುಕಿ, ಓದಿ,
'ಒಬ್ಬನಿಗೆ ಇಷ್ಟು ದೊಡ್ಡದು ಯಾಕೆ?' ಅಂದ.
ಮುಚ್ಚಳದ ಹಿಡಿಯನ್ನು ಒಮ್ಮೆ ತಿರುಗಿಸಿ ನೋಡಿದ.
'ಇದು ಸಡಿಲವಾಗಿದೆ. ಸ್ಕ್ರೂಡ್ರೈವರ್ ಉಂಟಾ?'

ಮನೆಗೆ ಬಂದು, ಕೋಟು ಕಳಚುವ ಮೊದಲೇ,
ಅಂಚಿಗೆ ಕಂದಾಗಿ ಹತ್ತಿಕೊಂಡದ್ದನ್ನು
ಚಮಚದಲ್ಲಿ ಕೆರೆದು ನಿಂತೇ ತಿಂದಳು.
ಹೌದು.
ಉಪ್ಪು ಕಡಿಮೆಯೇ.