ತೂಕಕ್ಕೆ ಬಾರದ ಬೇರು

ಅದನ್ನು ಕಚ್ಚಿದ್ದು ಇಲಿಯಲ್ಲ, ದಲ್ಲಾಳಿಗಳೇ.
ಇಲಿಯ ಹಲ್ಲಿಗೆ ಒಂದು ಗುರಿಯಿರುತ್ತದೆ,
ತಿರುಳು ಸಿಗುವವರೆಗೂ ಅದು ಬಿಡುವುದಿಲ್ಲ.
ಇಲ್ಲಿ ನೋಡಿ, ಮೇಲುಮೇಲೆ ಎರಡೇ ಎರಡು ಕುಳಿ,
ಜೋಳದ ಕಾಳು ಕೂತು ಎದ್ದುಹೋದ ಹಾಗೆ.
ಬೆಳಕಿಗೆ ಹಿಡಿಯಿರಿ. ತಕ್ಕಡಿ ಕಾಯುತ್ತದೆ.
ಮೂರು ವರ್ಷ ಮಣ್ಣಿನಲ್ಲಿ, ಮೂರು ವರ್ಷ ಅಟ್ಟದಲ್ಲಿ
ಕಾದದ್ದಕ್ಕೆ ಇನ್ನೊಂದು ಗಳಿಗೆ ಹೆಚ್ಚಲ್ಲ.

ಆ ಬೇಸಿಗೆ ಸಾನ್ ಪೋಲೊದ ಗುಡ್ಡದಲ್ಲಿ
ಐರಿಸ್ ಹೂ ಬಿಟ್ಟು ಬಾಡಿ ಎರಡು ತಿಂಗಳಾಗಿತ್ತು.
ಹೂವನ್ನು ಇಲ್ಲಿ ಯಾರೂ ಕೀಳುವುದಿಲ್ಲ, ನಿಮಗೂ ಗೊತ್ತು;
ನಮ್ಮ ರೊಟ್ಟಿ ಇರುವುದು ಅದರ ಬೇರಿನಲ್ಲಿ,
ಶುಂಠಿಯ ಹಾಗೆ, ಬೆರಳು ಬೆರಳಾಗಿ.
ಅಗೆದು, ಬಾನಿಯ ನೀರಿಗೆ ಹಾಕಿ,
ಕಮಾನಿನ ನೆರಳಲ್ಲಿ ಒಂಬತ್ತು ಹೆಂಗಸರು ಸಾಲಾಗಿ ಕೂತು
ಕೊಕ್ಕೆಚಾಕುವಿನಲ್ಲಿ ಸಿಪ್ಪೆ ಹೆರೆಯುತ್ತಿದ್ದೆವು.
ಕಪ್ಪು ಜಾರಿದರೆ ಒಳಗೆ ಬಿಳುಪು.
ಮಾತು ಜಾರಿದರೆ ಯಾರದೋ ಸಂಸಾರ.

ಫೋಸ್ಕಾ ದ್ರಾಕ್ಷಿಯ ಪೆಟ್ಟಿಗೆಯಲ್ಲಿ ಕೂತು ಅಳುತ್ತಿದ್ದಳು.
ಎಂಟು ತಿಂಗಳು. ಗಲ್ಲ ಕೆಂಡ. ಒಸಡು ಊದಿ,
ಜೊಲ್ಲು ಕುತ್ತಿಗೆಯಿಂದಿಳಿದು ಅಂಗಿಯ ಎದೆ ಒದ್ದೆ.
ಐದು ರಾತ್ರಿ ನಾನು ಕಣ್ಣು ಮುಚ್ಚಿರಲಿಲ್ಲ.
ಅತ್ತೆ ಆರ್ಜಿಯಾ ಜೇನು ಸವರಿದರು,
ಬ್ರೆಡ್ಡಿನ ಒಣ ಅಂಚು ಕೊಟ್ಟರು,
ಹಲ್ಲಿನ ಸಂತಿ ಅಪೊಲೋನಿಯಾಳನ್ನು ಕರೆದರು,
ಕೊನೆಗೆ ನನ್ನನ್ನು ಬೈದರು.

ಫ್ಲಾರೆನ್ಸಿನ ಔಷಧದಂಗಡಿಯ ಗಾಜಿನ ಹಿಂದೆ ಇರುತ್ತಿತ್ತು
ಇದೇ ಬೇರು, ದುಯಿಲಿಯೊ ಲೇತಿನಲ್ಲಿ ನಯವಾಗಿ ಕಡೆದದ್ದು,
ಕಿರುಬೆರಳಷ್ಟುದ್ದ, ತುದಿಗೆ ನೀಲಿ ರಿಬ್ಬನ್ನು,
ಹಲ್ಲು ಬರುವ ಮಕ್ಕಳು ಕಚ್ಚುವುದಕ್ಕೆಂದೇ.
ಒಮ್ಮೆ ಬೆಲೆ ಕೇಳಿದ್ದೆ.
ನಾನು ಆರು ದಿನ ಹೆರೆದರೆ ಒಂದು ಬರುತ್ತಿತ್ತು,
ರಿಬ್ಬನ್ನು ಬಿಟ್ಟು.

ಹಾಗಾಗಿ ಜೊಂಡಿನ ಚಾಪೆಯ ಮೇಲಿಂದ
ಒಣಗಿ ಗಟ್ಟಿಯಾದದ್ದೊಂದನ್ನು ಎತ್ತಿ
ಅವಳ ಮುಷ್ಟಿಯಲ್ಲಿಟ್ಟೆ. ಅರ್ಧ ರಾಶಿ ಧಣಿಯದು, ಅರ್ಧ ನಮ್ಮದು;
ನಮ್ಮ ಅರ್ಧದಿಂದಲೇ ಎತ್ತಿದೆ ಎಂದುಕೊಂಡೆ.

ಮೊದಲು ಮುಖ ಕಿವುಚಿದಳು. ಕಹಿ.
ಇದೇನಾ ನೀನು ಕೊಡೋದು ಅನ್ನುವ ಹಾಗೆ ನೋಡಿದಳು.
ಮತ್ತೆ ಕಚ್ಚಿದಳು.
ಆಮೇಲಿನ ಆ ಮೌನವಿತ್ತಲ್ಲ,
ಒಂಬತ್ತು ಚಾಕುಗಳೂ ಒಮ್ಮೆ ನಿಂತವು.

ನಾಲ್ಕನೆಯ ದಿನ ಚಮಚ ತಾಗಿ ಟಿಣ್ ಎಂದಿತು.
ಹತ್ತನೆಯ ದಿನ ಅದರ ಪಕ್ಕದ್ದು.
ಕುಳಿ ಬಿದ್ದದ್ದು ಆಗ, ಬಂದ ಹಲ್ಲಿನ ಹೊಸ ಸೊಕ್ಕಿಗೆ.

ಆ ಸಂಜೆಯೇ ಮೋಡ ಕವಿದು
ಚಾಪೆಗಳನ್ನು ದಡಬಡ ಮಡಚುವಾಗ
ಅದು ರಾಶಿಯೊಳಗೆ ಸೇರಿಹೋಯಿತು.
ಲಾಟೀನು ಹಿಡಿದು ಹುಡುಕಿದೆ. ಎಲ್ಲ ಬಿಳಿ,
ಎಲ್ಲ ಯಾರದೋ ಬೆರಳಿನ ಗೆಣ್ಣಿನ ಹಾಗೆ.
ನನಗೆ ಸಿಗದ್ದು ನಿಮಗೆ ಒಂದೇ ನಿಮಿಷಕ್ಕೆ ಸಿಕ್ಕಿತು.
ಕೊಳ್ಳುವವರ ಕಣ್ಣೇ ಬೇರೆ.

ಈಗ ಮೂಸಿ ನೋಡಿ.
ಆಗ ಇದಕ್ಕೆ ಮಣ್ಣಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.
ಪರಿಮಳ ಬರುವುದಕ್ಕೆ ಹಿಡಿದ ಕಾಲದಲ್ಲೇ
ಅವಳಿಗೆ ಇಪ್ಪತ್ತು ಹಲ್ಲೂ ಬಂದವು.
ಹಲ್ಲಿಲ್ಲದಾಗ ಬೇರು ಅವಳದಾಗಿತ್ತು,
ಬಾಯಿತುಂಬ ಹಲ್ಲಾದ ಮೇಲೆ ಬೇರು ನಿಮ್ಮದು.
ಪ್ಯಾರಿಸ್ಸಿನಲ್ಲಿ ಯಾರೋ ಕಿವಿಯ ಹಿಂದೆ ಸವರಿಕೊಳ್ಳುವಾಗ
ಅದರಲ್ಲೊಂದು ತೊಟ್ಟು ಜೊಲ್ಲಿದ್ದರೆ
ಅದಕ್ಕೆ ಹೆಚ್ಚು ಹಣ ಕೇಳುವವಳಲ್ಲ ನಾನು.
ನೀವು ಕಡಿಮೆಯೂ ಮಾಡಬೇಡಿ.

ನಂಬಿಕೆಯಿಲ್ಲವೇ? ಇಗೋ, ಅವಳೇ ಬಂದಳು,
ಪೀಚ್ ಹಣ್ಣು ಕಚ್ಚುತ್ತ, ಗದ್ದದ ತುಂಬ ರಸ.
ಬಾ ಫೋಸ್ಕಾ, ಇದನ್ನು ಹಿಡಿ.
ಈ ಕುಳಿಗೆ ಬೆರಳಿಟ್ಟು ನೋಡು. ಸೀನಬೇಡ, ಅದು ಪರಿಮಳ.
ಇವರಿಗೆ ಹೇಳು, ಇದನ್ನು ಕಚ್ಚಿದ್ದು ಯಾರು?

ಏನಂದೆ?

ಇಲಿಯಾ?

ಸರಿ, ದಲ್ಲಾಳಿಗಳೇ, ನಗಬೇಡಿ, ಬರೆದುಕೊಳ್ಳಿ:
ಮೂರನೆಯ ಚೀಲ, ಇಲಿ ಕಚ್ಚಿದ್ದು, ಒಂದು.
ಆ ಒಂದನ್ನು ಇತ್ತ ಕೊಡಿ.